ಎನ್ಮಾನ ಬಳಿಗೆ ರಾಯಭಾರ

ಒಸಾಕಾ ನಗರದ ದಕ್ಷಿಣ ಭಾಗದಲ್ಲಿ, ರೈಲುಸೇತುವೆಯ ನೆರಳಿಗೆ ಮೈಯೊಡ್ಡಿ ಮಲಗಿರುವ ಎಬಿಸು ಬೀದಿಯಲ್ಲಿ, ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತೊಂದಿತ್ತು. ತಿಂಗಳಿಗೊಂದು ಭಾನುವಾರ, ಮುಚ್ಚಿಹೋದ ಹಳೆಯ ಬೌಲಿಂಗ್ ಅಂಗಳದಲ್ಲಿ ನಡೆಯುವ ಕುಸ್ತಿಯ ಆಟಕ್ಕೆ ಕೆಂಪು ಮುಖವಾಡ ತೊಟ್ಟು, ಮರದ ಇಕ್ಕಳ ಹಿಡಿದು, ಹಲ್ಲು ಕಡಿಯುತ್ತ ಬರುವ ಎನ್ಮಾ ಮಹಾರಾಜನೆಂಬ ಖಳನು ಬೇರಾರೂ ಅಲ್ಲ, ಬೀದಿಯ ಸ್ನಾನಗೃಹದ ಯಜಮಾನ ನೆಗೊರೊ ಕಾನ್‌ಜಿರೊ ಎಂಬುದೇ ಆ ಮಾತು.

ಎನ್ಮಾ ಎಂದರೆ ನರಕದ ದೊರೆ. ಸುಳ್ಳಾಡಿದವರ ನಾಲಿಗೆಯನ್ನು ಇಕ್ಕಳದಿಂದ ಕೀಳುವವನು. ನಮ್ಮ ಯಮಧರ್ಮರಾಯನೇ ಕೋಣವನ್ನು ದಡದಲ್ಲಿ ಬಿಟ್ಟು ಹಡಗು ಹತ್ತಿದನೆಂದು ತಿಳಿದರೆ ತಪ್ಪಾಗದು. ಅಂಥವನ ಮುಖವಾಡವು ಆಟದ ಮರುದಿನ ಸ್ನಾನಗೃಹದ ಹಿಂದೆ, ನೀರು ಕಾಯಿಸುವ ಒಲೆಯ ಪಕ್ಕದ ಹಗ್ಗದಲ್ಲಿ, ಕಾನ್‌ಜಿರೊನ ಕಾಲುಚೀಲಗಳ ನಡುವೆ ಒಣಗುತ್ತಿತ್ತು. ಆ ದಾರಿಯಾಗಿ ಹೋಗುವ ಹೆಂಗಸರು ಆಗ ತಪ್ಪದೆ ತಲೆಯೆತ್ತಿ ಆಕಾಶವನ್ನು ನೋಡಿ, ಇವತ್ತು ಬಿಸಿಲು ಚೆನ್ನಾಗಿದೆ ಎನ್ನುತ್ತಿದ್ದರು. ಮೋಡ ಕವಿದಿದ್ದರೂ ಹಾಗೆಯೇ ಎನ್ನುತ್ತಿದ್ದರು. ಹೊಸದಾಗಿ ಬಂದ ಕ್ಷೌರಿಕನೊಬ್ಬ ಒಮ್ಮೆ ತಿಳಿಯದೆ, ನಿನ್ನೆ ನಿಮ್ಮ ಕುಸ್ತಿ ಸೊಗಸಾಗಿತ್ತು ಎಂದು ಕಾನ್‌ಜಿರೊನಿಗೆ ಹೇಳಿಬಿಟ್ಟನು. ಮುಂದೆ ಬಹುದಿನ ಆ ಬೀದಿಯಲ್ಲಿ ಯಾರ ತಲೆಯಲ್ಲೂ ಕೂದಲು ಬೆಳೆಯಲಿಲ್ಲ. ಆಟದ ದಿನ ಸ್ನಾನಗೃಹ ಮಧ್ಯಾಹ್ನ ಮುಚ್ಚಿರುವುದೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಪಾಪ, ಕಾನ್-ಸಾನ್‌ಗೆ ಒಂದು ಸಲವಾದರೂ ಕುಸ್ತಿ ನೋಡುವ ಯೋಗವಿಲ್ಲವಲ್ಲ ಎಂದು ಅವನೆದುರಿಗೇ ಮರುಗುತ್ತಿದ್ದರು. ಅವನೂ ತಕ್ಕಮಟ್ಟಿಗೆ ಮರುಗುತ್ತಿದ್ದನು.

ಇಂಥ ನೆಮ್ಮದಿಯ ನಡುವೆ, ಚೆರ್ರಿ ಹೂಗಳು ಉದುರುವ ಕಾಲದಲ್ಲಿ, ಆ ಅಪಘಾತವಾಯಿತು.

ಎನ್ಮಾನಿಗೆ ಎದುರಾಳಿಯಾಗಿ, ಬಿಳಿಯ ಉಡುಪಿನ ಬೆಳ್ಳಕ್ಕಿ ಎಂಬ ನಾಯಕನಿದ್ದನು. ಅವನು ತರಕಾರಿ ಅಂಗಡಿಯ ಒಕಿಟ್ಸು ಕೊಹೇಯ್. ಅವನಿಗೆ ಮುಖವಾಡವಿರಲಿಲ್ಲ, ಏಕೆಂದರೆ ಒಳ್ಳೆಯವನಿಗೆ ಅಡಗಿಸುವುದೇನಿರುತ್ತದೆ? ಆಟದ ಕೊನೆಗೆ ಅವನು ಮೂಲೆಗಂಬದ ತುದಿಗೇರಿ ತೋಳು ಚಾಚಿ ಹಾರುವುದು, ಎನ್ಮಾ ಅವನ ಕೆಳಗೆ ಸಿಕ್ಕಿ ನಜ್ಜುಗುಜ್ಜಾಗುವುದು ವಾಡಿಕೆ. ನಜ್ಜುಗುಜ್ಜಾದಂತೆ ತೋರಿಸುತ್ತಲೇ ಹಾರಿಬಂದವನನ್ನು ಎದೆಗವುಚಿಕೊಂಡು, ಅವನ ಕೂದಲು ಕೊಂಕದಂತೆ ನೆಲಕ್ಕಿಳಿಸುವುದು ಎನ್ಮಾನ ಕೆಲಸ. ಹೊಡೆಯುವುದನ್ನು ಯಾರು ಬೇಕಾದರೂ ಕಲಿತಾರು. ಖಳನ ವಿದ್ಯೆಯೆಲ್ಲ ಹಿಡಿಯುವುದರಲ್ಲಿದೆ.

ಆ ದಿನ ಹಿಡಿತ ತಪ್ಪಿತು. ಕೊಹೇಯ್ ತಲೆ ಕೆಳಗಾಗಿ ಬಿದ್ದನು. ಎನ್ಮಾ ಇಕ್ಕಳವನ್ನು ಬಿಸುಟು, ಮಂಡಿಯೂರಿ, ಡಾಕ್ಟರನ್ನು ಕರೆಯಿರಿ ಎಂದು ಕೂಗಿಕೊಂಡನು. ಸಭೆ ಗೊಳ್ಳೆಂದು ನಕ್ಕಿತು. ಹೀಗೆ ಗೋಳಾಡಿ ಕರುಣೆ ಬೇಡುವುದು, ಹತ್ತಿರ ಬಂದವರ ಕಣ್ಣಿಗೆ ಉಪ್ಪು ಎರಚುವುದು, ಇದನ್ನೇ ಅಲ್ಲವೆ ಎನ್ಮಾ ಇಷ್ಟು ವರ್ಷ ಮಾಡುತ್ತ ಬಂದದ್ದು? ಅವನು ಮತ್ತೊಮ್ಮೆ ಕೂಗಿದಾಗ, ಮೀನಂಗಡಿಯ ಉಮೆನೊ ಅಜ್ಜಿ ಎಸೆದ ಈರುಳ್ಳಿ ದಂಟಿನ ಕಟ್ಟು ಅವನ ಕಿವಿಗೆ ಬಂದು ಬಡಿಯಿತು. ಮುಖ ಕಂಡರೆ ನಂಬಿಯಾರೆಂದು ಅವನು ಹಿಂದಲೆಯ ದಾರಕ್ಕೆ ಕೈಹಾಕಿದನು. ಬಿದ್ದಲ್ಲಿಂದಲೇ ಕೊಹೇಯ್ ತುಟಿ ಅಲುಗಿಸಿ, "ತೆಗೀಬೇಡಿ, ಕಾನ್-ಸಾನ್" ಎಂದನು. ತೀರ್ಪುಗಾರನು ಬಂದು ಕೊಹೇಯ್‌ನ ಕೈಯನ್ನು ಎತ್ತಿ, ಅದು ಹಸಿ ಹಿಟ್ಟಿನಂತೆ ಕೆಳಗೆ ಬಿದ್ದುದನ್ನು ಕಂಡು, ತಾನೇ ಗಂಟೆಯ ಬಳಿಗೆ ಓಡಿದ ಮೇಲೆಯೇ ನಗು ನಿಂತದ್ದು.

ಕತ್ತಿನ ಮೂಳೆ ಬಿರಿದಿತ್ತು. ಜೀವ ಉಳಿಯಿತು, ಬೇಸಗೆ ಕಳೆಯುವ ಹೊತ್ತಿಗೆ ಕೊಹೇಯ್ ಕೊರಳಪಟ್ಟಿ ಕಟ್ಟಿಕೊಂಡು, ಕೋಲೂರಿಕೊಂಡು ಮನೆಗೆ ಬಂದನು. ಎಡಗೈಗೆ ಬಿಸಿ ತಣ್ಣನೆ ತಿಳಿಯುತ್ತಿರಲಿಲ್ಲ. ಅವನು ಇನ್ನು ಎಂದಿಗೂ ಅಖಾಡ ಹತ್ತುವಂತಿಲ್ಲವೆಂದು ವೈದ್ಯರು ಹೇಳಿದರು. ಕಾನ್‌ಜಿರೊ ಆಸ್ಪತ್ರೆಗೂ ಹೋದನು, ಮನೆಗೂ ಹೋದನು. ಕಾಫಿ ಬೆರೆಸಿದ ಹಾಲಿನ ಬಾಟಲಿಗಳನ್ನು ಕೊಟ್ಟು, ಹವೆಯ ಮಾತಾಡಿ ಬಂದನು. ನನ್ನಿಂದ ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಅವನ ಗಂಟಲಲ್ಲಿ ಮೀನಿನ ಮುಳ್ಳಾಗಿ ಉಳಿಯಿತು. ಸ್ನಾನಗೃಹದ ಯಜಮಾನ ಆ ಮಾತನ್ನು ಹೇಗೆ ಹೇಳುವುದು? ಅವನು ಕುಸ್ತಿಯನ್ನೇ ನೋಡಿದವನಲ್ಲ. ಹೇಳಬೇಕಾದವನು ಎನ್ಮಾ, ಎನ್ಮಾನೋ ಕ್ಷಮೆ ಕೇಳುವ ಜಾತಿಯವನಲ್ಲ. ತೆಗೆಯಬೇಡ ಎಂದು ಬಿದ್ದವನೇ ಹೇಳಿದ ಮುಖವಾಡವನ್ನು ಅವನು ಯಾವ ಕೈಯಿಂದ ತೆಗೆದಾನು?

ಆಟ ನಿಂತಿತ್ತು. ಎಂದೆಂದಿಗೂ ನಿಲ್ಲಬೇಕೆ ಎಂಬುದನ್ನು ನಿಶ್ಚಯಿಸಲು, ಶರತ್ಕಾಲದ ಮೊದಲಿಗೆ, ಬೀದಿಯ ವರ್ತಕರ ಸಂಘ ಚಹಾದಂಗಡಿಯ ಮಹಡಿಯಲ್ಲಿ ಸೇರಿತು. ಅಧ್ಯಕ್ಷರು ಗಡಿಯಾರದ ಅಂಗಡಿಯ ತಾದೊಕೊರೊ. ಮಾತನ್ನೂ ಗಡಿಯಾರದಂತೆ ಕೀಲಿ ಕೊಟ್ಟು ಆಡುವವರು. ಆಟ ನಿಲ್ಲಲೇಬೇಕೆಂಬುದು ಅವರ ಪಕ್ಷ. ನಾವು ನಗುವುದಕ್ಕಾಗಿ ಒಬ್ಬನ ಕತ್ತು ಮುರಿಯಿತು, ಮುರಿದ ಮೇಲೂ ನಾವು ನಕ್ಕೆವು. ಆ ನಗುವಿನ ಸದ್ದು ನನ್ನ ಕಿವಿಯಿಂದ ಹೋಗಿಲ್ಲ, ಎಂದರು.

ಅದಕ್ಕೆ ಉತ್ತರ ಕೊಡಲು ಉಮೆನೊ ಅಜ್ಜಿಗೆ ಮಾತ್ರ ನಾಲಿಗೆ ಎದ್ದಿತು. ಮೀನು ಹೆಚ್ಚುವಾಗ ತುದಿ ಕಳೆದುಕೊಂಡ ತನ್ನ ಹೆಬ್ಬೆರಳನ್ನು ಎತ್ತಿ ತೋರಿಸಿ, ಇದು ಹೋಯಿತೆಂದು ನಾನು ಅಂಗಡಿ ಮುಚ್ಚಿದೆನೆ ಎಂದು ಕೇಳಿದಳು.

"ನಿನ್ನ ಹೆಬ್ಬೆರಳು ಹೋಗೋದನ್ನ ನೋಡೋಕೆ ಯಾರೂ ಟಿಕೆಟ್ ತಗೊಂಡಿರಲಿಲ್ಲ ಅಜ್ಜಿ" ಎಂದರು ತಾದೊಕೊರೊ.

"ಟಿಕೆಟ್ ಇಟ್ಟಿದ್ರೆ ಮೀನಿಗಿಂತ ಅದೇ ಚೆನ್ನಾಗಿ ಹೋಗ್ತಿತ್ತು" ಎಂದಳು ಅಜ್ಜಿ.

ಮಾತು ಹೀಗೆ ಹಗ್ಗ ಜಗ್ಗಿ ಜಗ್ಗಿ, ಎತ್ತಲೂ ಸಾಗದೆ, ಕಡೆಗೊಂದು ಒಪ್ಪಂದಕ್ಕೆ ಬಂತು. ಆಟವಾಡುವ ಎನ್ಮಾನೇ ಹೇಳಲಿ. ಅವನು ಆಡುವೆನೆಂದರೆ ಆಟ ಉಂಟು, ಒಲ್ಲೆನೆಂದರೆ ಇಲ್ಲ. ಸರಿ, ಎನ್ಮಾನನ್ನು ಕೇಳುವವರಾರು? ಸಭೆಯ ಕಣ್ಣುಗಳೆಲ್ಲ ಮಹಡಿಯ ಚಾವಣಿಯನ್ನು ಪರೀಕ್ಷಿಸತೊಡಗಿದವು. ಮೂಲೆಯಲ್ಲಿ ಕೂತಿದ್ದ ಕಾನ್‌ಜಿರೊನೂ ಚಾವಣಿಯನ್ನೇ ನೋಡಿದನು.

ತಾದೊಕೊರೊ ಕೆಮ್ಮಿದರು. "ಕಾನ್-ಸಾನ್, ನಿಮ್ಮ ಸ್ನಾನಗೃಹಕ್ಕೆ ನಾನಾ ತರದ ಜನ ಬರ್ತಾರೆ. ಆ ಎನ್ಮಾ ಅನ್ನೋನು ಎಲ್ಲಾದ್ರೂ ನಿಮ್ಮ ಕಣ್ಣಿಗೆ ಬಿದ್ರೆ, ಸಂಘದ ಪರವಾಗಿ ಒಂದು ಮಾತು ಕೇಳ್ತೀರಾ?"

"ಸಿಕ್ಕಿದ್ರೆ ಕೇಳ್ತೀನಿ" ಎಂದನು ಕಾನ್‌ಜಿರೊ, ಗಂಭೀರವಾಗಿ.

ಸಭೆ ನಿಟ್ಟುಸಿರಿಟ್ಟಿತು. ಹೀಗೆ ಅವನು ತನ್ನ ಬಳಿಗೆ ತಾನೇ ರಾಯಭಾರಿಯಾಗಿ ನೇಮಕಗೊಂಡನು.

ಮನೆಗೆ ಬಂದವನು ಒಲೆಗೆ ಸೌದೆ ತುಂಬಿ, ಗೂಟದಲ್ಲಿದ್ದ ಮುಖವಾಡದೆದುರು ಕೂತು, ತನ್ನೆರಡು ಕೈಗಳನ್ನು ಮುಂದೆ ಚಾಚಿ ನೋಡಿದನು. ಬೆಳ್ಳಕ್ಕಿ ಹಾರಿದ ಆ ಗಳಿಗೆ ಅವನ ಕಣ್ಣಿಗೆ ಬೆವರು ಇಳಿದಿತ್ತು. ಕೈ ತಡವಾಯಿತೆ, ಕೊಹೇಯ್‌ನ ಕಾಲು ಜಾರಿತೆ? ಅವನಿಗೆ ತಿಳಿಯದು. ತಿಳಿದದ್ದು ಇಷ್ಟೆ: ಚಾಚಿದ ಕೈ ಈಗ ನಡುಗುತ್ತಿತ್ತು. ಹಿಡಿಯಲಾರದ ಖಳ ನಿಜವಾಗಿಯೂ ಯಮನೇ ಸರಿ. ಮರುದಿನ ಅವನು ಗಡಿಯಾರದಂಗಡಿಗೆ ಹೋಗಿ, ಎನ್ಮಾ ಸಿಕ್ಕಿದ್ದನು, ಒಲ್ಲೆನೆಂದನು ಎಂದು ವರದಿ ಒಪ್ಪಿಸಿದನು. ತಾದೊಕೊರೊ ತಲೆದೂಗಿ, ಅವನು ಬುದ್ಧಿವಂತ, ನನ್ನ ನಮಸ್ಕಾರ ತಿಳಿಸಿ ಎಂದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಸುದ್ದಿ ಕೇಳಿದ ಉಮೆನೊ ಅಜ್ಜಿ ಮೀನಿನ ಚೂರಿಯನ್ನು ಹಿಡಿದೇ ಸ್ನಾನಗೃಹಕ್ಕೆ ಬಂದಳು. ಎನ್ಮಾ ನೋಡಲು ಹೇಗಿದ್ದಾನೆ ಎಂದು ವಿಚಾರಿಸಿದಳು. ಸೊರಗಿದ್ದಾನೆ, ಎಂದನು ಕಾನ್‌ಜಿರೊ. ಉಣ್ಣುತ್ತಾನೆಯೆ? ಅಷ್ಟಕ್ಕಷ್ಟೆ. ಅಜ್ಜಿ ಮರುಮಾತಿಲ್ಲದೆ ಹೋಗಿ, ಸುಟ್ಟ ಬಂಗುಡೆಯ ತಟ್ಟೆ ತಂದು ಅವನ ಮುಂದಿಟ್ಟಳು.

"ಇದು ನಿನಗಲ್ಲ, ಅವನಿಗೆ. ನೀನೇನಾದ್ರೂ ಬಾಯಿ ಹಾಕಿದ್ಯೋ, ಎನ್ಮಾ ನಿನ್ನ ನಾಲಿಗೆ ಕಿತ್ತಾನು."

ಮರುದಿನ ಅವನು ತೊಳೆದ ತಟ್ಟೆಯನ್ನು ಹಿಂದಿರುಗಿಸಿದಾಗ, ಏನಂದ ಎಂದು ಕೇಳಿದಳು. ಉಪ್ಪು ಹೆಚ್ಚಾಯಿತು ಅಂದ, ಎಂದನು ಕಾನ್‌ಜಿರೊ.

"ಹಾಗಾದ್ರೆ ಸಾಯೋನಲ್ಲ" ಎಂದು ಅಜ್ಜಿ ತಟ್ಟೆ ಒಳಗಿಟ್ಟಳು.

ಅಂದಿನಿಂದ ರಾಯಭಾರಕ್ಕೆ ಬಿಡುವೇ ಇಲ್ಲದಾಯಿತು. ಒಬ್ಬರು ಎನ್ಮಾನಿಗೆಂದು ಉಪ್ಪಿನಲ್ಲಿಟ್ಟ ಉಮೆ ಕಾಯಿಗಳನ್ನು ಕೊಟ್ಟರು. ಇನ್ನೊಬ್ಬರು ಮಂಡಿನೋವಿನ ಪಟ್ಟಿ ಕೊಟ್ಟರು. ಹಿಂದೆ ಪೆಟ್ಟು ತಿಂದಿದ್ದ ಕ್ಷೌರಿಕನು, ಈಗ ಪಳಗಿ, ಎನ್ಮಾನ ಕೂದಲು ಹೇಗೆ ಬೆಳೆದಿದೆಯೋ ಎಂದು ಕಾನ್‌ಜಿರೊನ ತಲೆಯನ್ನು ನೋಡಿ ಚಿಂತಿಸಿದನು. ಸಾಮಾನೆಲ್ಲವನ್ನೂ ಕಾನ್‌ಜಿರೊ ಎನ್ಮಾನಿಗೆ ನಿಷ್ಠೆಯಿಂದ ಮುಟ್ಟಿಸಿದನು. ಉತ್ತರ ಮಾತ್ರ ಅದೇ: ಒಲ್ಲೆ.

ಹೀಗಿರಲು ಒಂದು ದಿನ, ಸ್ನಾನಗೃಹ ತೆರೆದಿದೆಯೆಂದು ಸಾರುವ ಬಾಗಿಲ ಪರದೆಯನ್ನು ಇನ್ನೂ ತೂಗುಹಾಕದ ಹೊತ್ತಿನಲ್ಲಿ, ಕೊಹೇಯ್‌ನ ಹೆಂಡತಿ ಸಾಯೊ ಬಂದಳು. ಗಂಡಸರ ಕಡೆಗೂ ಹೆಂಗಸರ ಕಡೆಗೂ ಕಾಣುವಂತೆ ನಡುವೆ ಎತ್ತರದಲ್ಲಿರುವ ಗಲ್ಲೆಯ ಪೀಠದ ಮೇಲೆ ಕಾನ್‌ಜಿರೊ ಕೂತಿದ್ದನು. ಅವಳು ತೆಳ್ಳನೆಯ ಹೆಂಗಸು, ತರಕಾರಿ ಬುಟ್ಟಿ ಹೊತ್ತು ಗಟ್ಟಿಯಾದ ಭುಜ, ಮಾತು ಕಡಿಮೆ.

"ಎನ್ಮಾ ನಿಮಗೆ ಆಗಾಗ ಸಿಗ್ತಾನಂತೆ" ಎಂದಳು.

"ಸಿಗ್ತಾನೆ."

"ನಮ್ಮನೆಗೆ ಒಂದು ಸಲಾನೂ ಬರಲಿಲ್ಲ. ನೀವು ಬಂದ್ರಿ, ಊರೋರೆಲ್ಲ ಬಂದ್ರು. ಅವನು ಬರಲಿಲ್ಲ."

ಎತ್ತರದ ಪೀಠ ಕಾನ್‌ಜಿರೊನಿಗೆ ಸಹಿಸದಾಯಿತು. ಅವನು ಕೆಳಗಿಳಿದನು, ಒದ್ದೆ ಹಲಗೆಗಳ ಮೇಲೆ ಮಂಡಿಯೂರಿ, ಎರಡೂ ಅಂಗೈಗಳನ್ನು ಮುಂದಿಟ್ಟು, ಹಣೆಯನ್ನು ನೆಲಕ್ಕೆ ಮುಟ್ಟಿಸಿದನು.

"ನಿಮ್ಮನ್ನ ಕಂಡಾಗ ತನ್ನ ಪರವಾಗಿ ಹೀಗೆ ಮಾಡು ಅಂತ ಎನ್ಮಾ ಹೇಳಿದ್ದಾನೆ" ಎಂದನು. ದನಿ ನೆಲಕ್ಕೇ ಇಂಗಿತು. "ತಪ್ಪಾಯ್ತು ಅಂತ ಹೇಳು ಅಂದ."

ಸಾಯೊ ಬಗ್ಗಿದ ಆ ತಲೆಯನ್ನೇ ನೋಡುತ್ತ ನಿಂತಳು. ಹಿಂದೆ ಒಲೆಯಲ್ಲಿ ಸೌದೆ ಚಟಗುಟ್ಟಿತು.

"ಅವನ ಕೈ ತಡ ಆಯ್ತಾ?" ಎಂದು ಕೇಳಿದಳು.

"ಗೊತ್ತಿಲ್ಲ ಅಂತಾನೆ. ದಿನಾ ಅದನ್ನೇ ಯೋಚಿಸ್ತಾನಂತೆ. ಆದ್ರೂ ಗೊತ್ತಾಗಲ್ವಂತೆ."

"ಕಾಲು ಜಾರ್ತು ಅಂತಾರೆ ನಮ್ಮೋರು. ಜಾರದೆ ಇದ್ದಿದ್ರೂ ಹಾಗೇ ಅಂತಿದ್ರು, ಅವರ ಸ್ವಭಾವ ನನಗೆ ಗೊತ್ತು. ಇನ್ನು ನಮಗೆ ಯಾವತ್ತೂ ಗೊತ್ತಾಗಲ್ಲ. ಗೊತ್ತಾಗ್ದೇನೇ ಬದುಕಬೇಕು. ಇದನ್ನ ಅವನಿಗೆ ಹೇಳಿ."

"ಹೇಳ್ತೀನಿ."

"ಇಷ್ಟು ಹೊತ್ತು ಬಗ್ಗಿರು ಅಂತಾನೂ ಅವನೇ ಹೇಳಿದ್ನಾ? ಏಳಿ, ಗಿರಾಕಿ ಬರೋ ಹೊತ್ತಾಯ್ತು."

ಅವನು ಏಳುವಾಗ ಮಂಡಿ ಲಟಕ್ಕೆಂದಿತು. ಆ ಸದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದ ಆ ವಿದ್ಯೆ ಬೀದಿಯವರಿಗೆಲ್ಲ ಹುಟ್ಟಿನಿಂದಲೇ ಬಂದದ್ದು. ಹೊರಡುವವಳು ಬಾಗಿಲಲ್ಲಿ ನಿಂತು, ತಾನು ಬಂದ ಕಾರಣವನ್ನು ಹೇಳಿದಳು. ಆಟ ನಡೆಯಲಿ ಎಂದಾಗಲಿ ಬೇಡವೆಂದಾಗಲಿ ಅವಳು ಹೇಳಳು. ಅದು ಅವಳಿಗೆ ಬೇಕಿಲ್ಲ. ಅವಳಿಗೆ ಬೇಕಾದದ್ದು ಬೇರೆ. ಮನೆಗೆ ಬಂದಾಗಿನಿಂದ ಕೊಹೇಯ್ ಅಂಗಡಿಯ ಮುಂದೆ ಕೂತಿರುತ್ತಾನೆ. ಹೋಗುವವರು ಬರುವವರು ಅವನೆದುರು ಬಗ್ಗುತ್ತಾರೆ, ದನಿ ತಗ್ಗಿಸುತ್ತಾರೆ, ಚೌಕಾಸಿಯನ್ನೇ ಬಿಟ್ಟಿದ್ದಾರೆ.

"ಕಲ್ಲಿನ ಬುದ್ಧನ್ನ ಮಾಡಿ ಕೂರಿಸಿಬಿಟ್ಟಿದ್ದಾರೆ ಅವರನ್ನ. ಅವರೂ ಕಲ್ಲೇ ಆಗ್ತಾ ಇದ್ದಾರೆ, ನಗಲ್ಲ, ಬೈಯಲ್ಲ. ಇಷ್ಟು ವರ್ಷ ಅವರ ಜೊತೆ ನೆಟ್ಟಗೆ ಜಗಳ ಆಡಿದೋನು ಎನ್ಮಾ ಒಬ್ನೇ. ಬಂದು ಮತ್ತೆ ಜಗಳ ಆಡು ಅಂತ ಹೇಳಿ. ಬಗ್ಗೋದೆಲ್ಲ ಇಲ್ಲಿಗೇ ಮುಗೀಲಿ."

ಮುಂದಿನ ಸಭೆಯಲ್ಲಿ ರಾಯಭಾರಿಯು ಎನ್ಮಾನ ಸಮ್ಮತಿಯನ್ನೂ ಅವನು ಹಾಕಿದ ಷರತ್ತುಗಳನ್ನೂ ಮಂಡಿಸಿದನು. ಇನ್ನು ಯಾರೂ ಮೂಲೆಗಂಬ ಹತ್ತಿ ಹಾರಬಾರದು. ಹಾಸು ದಪ್ಪಗಾಗಬೇಕು. ಅಖಾಡದ ಪಕ್ಕದಲ್ಲಿ ವೈದ್ಯರೊಬ್ಬರು ಇರಬೇಕು. ಬೀದಿಯಲ್ಲಿ ಸಿಗುವವರು ಹಲ್ಲಿನ ಡಾಕ್ಟರೊಬ್ಬರೇ ಆದ್ದರಿಂದ, ಅವರು ಕತ್ತಿನ ಪ್ರಥಮ ಚಿಕಿತ್ಸೆ ಕಲಿತು ಬರಬೇಕು. ಕಡೆಯದಾಗಿ, ಎನ್ಮಾ ನಿಜವಾಗಿ ಸಹಾಯಕ್ಕೆ ಕೂಗಿದರೆ ಜನ ನಂಬಬೇಕು.

"ನಂಬೋದು ಹೇಗೆ? ಅವನು ಬಾಯಿ ಬಿಟ್ರೆ ಸುಳ್ಳು" ಎಂದರು ಯಾರೋ.

ಉಮೆನೊ ಅಜ್ಜಿ ತನ್ನ ಮೊಂಡು ಹೆಬ್ಬೆರಳನ್ನು ನೋಡುತ್ತ ಮೆಲ್ಲಗೆ ಮಾತಾಡಿದಳು. "ಆವತ್ತು ಅವನು ಇಕ್ಕಳ ಬಿಸಾಕಿದ್ದ. ಹೊಡೆಸ್ಕೊಂಡ್ರೂ ಒದೆಸ್ಕೊಂಡ್ರೂ ಅದನ್ನ ಕೈ ಬಿಟ್ಟೋನಲ್ಲ ಅವನು. ನಾನು ನೋಡಿದ್ದೆ. ನೋಡಿದ್ದೂ ಈರುಳ್ಳಿ ಎಸೆದೆ." ಅವಳು ಅಷ್ಟಕ್ಕೇ ನಿಲ್ಲಿಸಿದಳು. ಇಕ್ಕಳ ನೆಲ ಮುಟ್ಟಿದರೆ ಅದು ನಿಜ, ಇಲ್ಲದಿದ್ದರೆ ಸುಳ್ಳು ಎಂದು ಸಭೆ ಗೊತ್ತುಮಾಡಿತು. ತಾದೊಕೊರೊ ತಮ್ಮ ವಿರೋಧವನ್ನು ನಿಂತು ಹೇಳಿ, ಒಪ್ಪಂದದಂತೆ ಒಪ್ಪಿ, ತಾವು ಮಾತ್ರ ನೋಡಲು ಬರುವುದಿಲ್ಲವೆಂದರು.

ಕಾಕಿ ಹಣ್ಣು ಕೇಸರಿಗೆ ತಿರುಗುವ ಕಾಲದ ಒಂದು ಭಾನುವಾರ ಆಟ ಮತ್ತೆ ಶುರುವಾಯಿತು. ಬೌಲಿಂಗ್ ಅಂಗಳ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಕೊರಳಪಟ್ಟಿಯ ಕೊಹೇಯ್, ತೊಡೆಯ ಮೇಲೆ ತನ್ನ ಅಂಗಡಿಯ ಅತ್ಯುತ್ತಮವಾದೊಂದು ಕಾಕಿ ಹಣ್ಣನ್ನಿಟ್ಟುಕೊಂಡು ಕೂತಿದ್ದನು. ಕಪ್ಪೆರಾಯನೆಂಬ ಹೆಸರಿನಲ್ಲಿ ಅಂಚೆಯವನೊಬ್ಬ ಹೊಸ ನಾಯಕನಾಗಿದ್ದನು. ಗಂಟೆ ಹೊಡೆಯಿತು, ಕೆಂಪು ಮುಖವಾಡ, ಎತ್ತಿದ ಇಕ್ಕಳ, ಎನ್ಮಾ ಬಂದನು.

ಜನ ಚಪ್ಪಾಳೆ ತಟ್ಟಿದರು.

ಮರ್ಯಾದೆಯಿಂದ, ಮೆತ್ತಗೆ, ಶಾಲೆಯ ಭಾಷಣಕ್ಕೆ ತಟ್ಟುವಂತೆ ತಟ್ಟಿದರು. ಪಾಪ, ಎಷ್ಟು ನೊಂದಿದ್ದಾನೋ ಎಂಬ ಕನಿಕರ ಆ ಚಪ್ಪಾಳೆಯಲ್ಲಿತ್ತು. ಎನ್ಮಾ ಕಪ್ಪೆರಾಯನ ಕಣ್ಣಿಗೆ ಉಪ್ಪು ಎರಚಿದನು. ಜನ ತಾಳ್ಮೆಯಿಂದ ನೋಡಿದರು. ತೀರ್ಪುಗಾರನ ಷರಾಯಿ ಎಳೆದನು, ಯಾರೂ ನಗಲಿಲ್ಲ. ಉಮೆನೊ ಅಜ್ಜಿಯ ಕೈಯಲ್ಲಿ ಈರುಳ್ಳಿ ದಂಟಿತ್ತು. ಅದನ್ನು ಅವಳು ಹೂಗೊಂಚಲಿನಂತೆ ಹಿಡಿದಿದ್ದಳು. ಕನಿಕರಕ್ಕಿಂತ ಘೋರವಾದ ನರಕ ಖಳನಿಗೆ ಇನ್ನೊಂದಿಲ್ಲ. ಮುಖವಾಡದೊಳಗೆ ಕಾನ್‌ಜಿರೊ ಬೆವೆತನು. ಕೊಹೇಯ್ ಕಲ್ಲಿನಂತೆ ಕೂತೇ ಇದ್ದನು. ಅವನ ಪಕ್ಕದಲ್ಲಿ ಸಾಯೊ, ರಾಯಭಾರಿಯು ಮಾತು ಮುಟ್ಟಿಸಿದನೋ ಇಲ್ಲವೋ ಎಂಬಂತೆ, ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು.

ಎನ್ಮಾ ಹಗ್ಗದಡಿಯಿಂದ ಹೊರಬಂದನು. ಪ್ರೇಕ್ಷಕರ ತಿಂಡಿ ಕಿತ್ತು ತಿನ್ನುವುದು ಅವನ ಹಳೆಯ ಚಾಳಿ. ಅವನು ನೇರವಾಗಿ ಕೊಹೇಯ್‌ನೆದುರು ನಿಂತು, ತೊಡೆಯ ಮೇಲಿನ ಹಣ್ಣನ್ನು ಎತ್ತಿಕೊಂಡನು. ಸಭೆ ಉಸಿರು ಬಿಗಿಹಿಡಿಯಿತು. ಸುಮ್ಮನೆ ಕಚ್ಚಿ ತಿಂದರೆ ಸಾಕಾಗಿತ್ತು. ಅಪಮಾನ ಸಾಂಗವಾಗಿ ನಡೆಯಲೆಂದು ಅವನು ಹಣ್ಣನ್ನು ನಿಧಾನವಾಗಿ ಸುಲಿದು, ಸಿಪ್ಪೆಯನ್ನು ಕೊಹೇಯ್‌ನ ಮಡಿಲಿಗೇ ಹಾಕಬೇಕೆಂದು ಬಗೆದನು. ಸುಲಿಯಲು ಎರಡು ಕೈ ಬೇಕು. ಅವನು ಇಕ್ಕಳವನ್ನು ಕೆಳಗಿಟ್ಟನು.

ಇಡೀ ಸಭೆ ಎದ್ದು ನಿಂತಿತು. ಹಲ್ಲಿನ ಡಾಕ್ಟರು ಚೀಲ ಹಿಡಿದು ಅಖಾಡಕ್ಕೆ ಜಿಗಿದು, ದಂಗುಬಡಿದು ನಿಂತಿದ್ದ ಕಪ್ಪೆರಾಯನನ್ನು ಕೆಡವಿ, ಅವನ ಕತ್ತನ್ನು ಎರಡೂ ಕೈಯಿಂದ ಬಿಗಿಹಿಡಿದರು. ಕಪ್ಪೆರಾಯ ತನಗೇನೂ ಆಗಿಲ್ಲವೆಂದ. ಆಘಾತವಾದವರು ಹಾಗೇ ಹೇಳುತ್ತಾರೆಂದು ಅವರು ಇನ್ನಷ್ಟು ಬಿಗಿದರು. ಕ್ಷೌರಿಕನೂ ಉಮೆನೊ ಅಜ್ಜಿಯೂ ರೋಗಿಯನ್ನು ಹೊರುವ ಮಂಚ ಹಿಡಿದು ಓಡಿಬಂದರು. ಯಾರೂ ಕೂಗಲಿಲ್ಲ, ಯಾರೂ ನಗಲಿಲ್ಲ. ಈ ಸಲ ಎಲ್ಲರೂ ನಂಬಿದ್ದರು. ಎನ್ಮಾ ಬಾಯ್ತುಂಬ ಹಣ್ಣಿಟ್ಟುಕೊಂಡು, ತಾನೇ ಬರೆಸಿದ ಶಾಸನವನ್ನು ತಾನೇ ಮರೆತು, ಯಾರಿಗೆ ಏನಾಯಿತೆಂದು ಹಿಂದಿರುಗಿ ನೋಡುತ್ತಿದ್ದನು.

ಆಗ ಕೊಹೇಯ್‌ನ ಕೊರಳಪಟ್ಟಿಯೊಳಗಿಂದ ಒಂದು ಸದ್ದು ಬಂತು. ಮೊದಲು ಕೆಮ್ಮಿನಂತೆ, ಆಮೇಲೆ ಬಿಕ್ಕಿನಂತೆ, ಆಮೇಲೆ ತಡೆಯಲಾರದ ನಗೆಯಾಗಿ. ನಕ್ಕರೆ ಕತ್ತು ನೋಯುತ್ತಿತ್ತು. ನೋವಿಗೆ ಸಿಟ್ಟು ಬಂತು. ಸಿಟ್ಟಿಗೆ ದನಿ ಬಂತು.

"ಎಲಾ ಹಣ್ಣುಗಳ್ಳ, ಇಕ್ಕಳ ಎತ್ಕೊಳ್ಳೋ. ಊರಿಗೆ ಊರೇ ಸಾಯೋಕೆ ಬಿದ್ದಿದೆ."

ಮಂಚ ಹೊತ್ತಿದ್ದ ಉಮೆನೊ ಅಜ್ಜಿಗೆ ತಾನು ಮೋಸಹೋದದ್ದು ಅರ್ಥವಾಯಿತು. ಅವಳು ತನ್ನ ಕಡೆಯ ಮಂಚವನ್ನು ಕ್ಷೌರಿಕನ ಕಾಲ ಮೇಲೆ ಬಿಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಈರುಳ್ಳಿ ದಂಟನ್ನು ಸೆಳೆದು, ಎನ್ಮಾನ ಬೆನ್ನಿಗೆ ಬಿಟ್ಟಳು. ಬೌಲಿಂಗ್ ಅಂಗಳ ಹೋ ಎಂದಿತು. ಇಷ್ಟು ತಿಂಗಳು ನುಂಗಿಕೊಂಡಿದ್ದ ಬೈಗುಳವೆಲ್ಲ ಕಟ್ಟೆಯೊಡೆದು ಅವನ ಮೇಲೆ ಸುರಿಯಿತು. ಅದರ ನಡುವೆ ಕೊಹೇಯ್‌ನ ದನಿ ಎಲ್ಲಕ್ಕಿಂತ ಮೇಲಿತ್ತು. ಎನ್ಮಾ ಇಕ್ಕಳವೆತ್ತಿ, ಸಭೆಗೆಲ್ಲ ನಾಲಿಗೆ ಚಾಚಿ ಅಣಕಿಸಿ, ಅಖಾಡಕ್ಕೆ ಹಾರಿದನು. ಕಪ್ಪೆರಾಯ ಡಾಕ್ಟರಿಂದ ಬಿಡಿಸಿಕೊಂಡು ಅವನ ಮೇಲೆ ಬಿದ್ದಾಗ, ಚಾಚಿದ ಎರಡು ಕೈಗಳು ಅವನನ್ನು ಭದ್ರವಾಗಿ ಹಿಡಿದು ಮೆಲ್ಲಗೆ ಇಳಿಸಿದವು. ಅವು ನಡುಗಲಿಲ್ಲ. ಮುಖವಾಡದ ಒಳಗೆ ಒದ್ದೆಯಾದದ್ದು ಬೆವರೆಂದು ತಿಳಿಯುವುದೇ ಮರ್ಯಾದೆ.

ಮರುದಿನ ಸ್ನಾನಗೃಹದ ಹಿಂದೆ ಕಾಲುಚೀಲಗಳ ನಡುವೆ ಕೆಂಪು ಮುಖವಾಡ ಒಣಗುತ್ತಿತ್ತು. ಮೋಡ ಕವಿದಿತ್ತು, ಹೆಂಗಸರು ಬಿಸಿಲನ್ನು ಹೊಗಳುತ್ತ ಹೋದರು. ತಾದೊಕೊರೊ ಬಿಸಿನೀರಿನಲ್ಲಿ ಕತ್ತಿನವರೆಗೆ ಮುಳುಗಿದ್ದು ಹೊರಬಂದು, ಬಟ್ಟೆ ತೊಟ್ಟು, ಗಲ್ಲೆಯ ಬಳಿ ನಿಂತರು.

"ಇದು ತಪ್ಪು ಅಂತ ನಾನು ಈಗ್ಲೂ ಹೇಳ್ತೀನಿ. ಅವನಿಗೆ ತಿಳಿಸಿ."

"ತಿಳಿಸ್ತೀನಿ" ಎಂದು ಕಾನ್‌ಜಿರೊ ತಲೆಬಾಗಿದನು. ಅವರ ಮಾತಿನಲ್ಲಿ ಹುರುಳಿದೆಯೆಂದು ಅವನೂ ಬಲ್ಲ, ಎನ್ಮಾನೂ ಬಲ್ಲ.

ಅವರ ಹಿಂದೆಯೇ ಸಾಯೊ ಒಂದು ಬುಟ್ಟಿ ಕಾಕಿ ಹಣ್ಣು ತಂದು ಪೀಠದ ಮೇಲಿಟ್ಟಳು. ಎನ್ಮಾನಿಗೆ ತಲುಪಿಸಬೇಕೆಂದಳು. ನಮ್ಮವರು ನಿನ್ನೆಯಿಂದ ಅವನನ್ನು ಬೈಯುತ್ತಲೇ ಇದ್ದಾರೆ, ರಾತ್ರಿ ಊಟಕ್ಕೂ ಬಾಯಿ ಬಿಡುವಾಗಲಿಲ್ಲ ಎಂದಳು. ಪರದೆ ಸರಿಸಿ ಹೊರಡುವಾಗ ತಿರುಗಿ ನೋಡಿದಳು.

"ಸಿಪ್ಪೆ ನಾನೇ ತೆಗೆದಿದ್ದೀನಿ. ಅವನು ಇನ್ನೊಂದು ಸಲ ಇಕ್ಕಳ ಕೆಳಗಿಡೋದು ಬೇಡ."